ಕೆಸರಿನ ವಯಸ್ಸು: ಕೊಳಚೆ ನೀರು ಶುದ್ಧೀಕರಣ ಘಟಕದ ಉಸ್ತುವಾರಿ ಕುರಿತು

(ಪುರಸಭೆ, ನಗರಸಭೆಗಳ ಕಿರಿಯ ಎಂಜಿನಿಯರುಗಳು, ಘಟಕಗಳ ಆಪರೇಟರುಗಳು ಮತ್ತು ಕೆಲವು ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಸ್‌ಟಿಪಿ ಎಂದು ನಾವೆಲ್ಲ ಕರೆಯುವ ಘಟಕಕ್ಕೆ ಹೊಸದಾಗಿ ಬಂದ ಮೇಲ್ವಿಚಾರಕರು ಮೊದಲ ಕೆಲವು ವಾರ ಯಂತ್ರಗಳ ಸುತ್ತಲೇ ತಿರುಗುತ್ತಾರೆ. ಯಾವ ಪಂಪು ಓಡುತ್ತಿದೆ, ಯಾವುದು ನಿಂತಿದೆ, ಗಾಳಿ ಊದುವ ಬ್ಲೋವರಿನ ಬೆಲ್ಟ್ ಸಡಿಲವಾಗಿದೆಯೇ, ಪ್ಯಾನೆಲ್ ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿದೆಯೇ ಎಂದು ನೋಡುವುದರಲ್ಲಿ ದಿನ ಮುಗಿಯುತ್ತದೆ. ಅದು ಬೇಕಾದ ಕೆಲಸವೇ. ಆದರೆ ಅಷ್ಟೇ ಉಸ್ತುವಾರಿ ಎಂದುಕೊಂಡು ವರ್ಷಗಟ್ಟಲೆ ಕಳೆದವರನ್ನೂ ನಾನು ಕಂಡಿದ್ದೇನೆ. ಅವರ ಘಟಕದಲ್ಲಿ ಯಂತ್ರಗಳೆಲ್ಲ ಸರಿಯಾಗಿಯೇ ಓಡುತ್ತಿರುತ್ತವೆ. ಔಟ್‌ಲೆಟ್‌ನಲ್ಲಿ ಹೊರಬರುವ ನೀರು ಮಾತ್ರ ಕದಡಿರುತ್ತದೆ. ಕಾರಣ ಕೇಳಿದರೆ ಇನ್‌ಲೆಟ್ ನೀರೇ ಸರಿಯಿಲ್ಲ ಎನ್ನುತ್ತಾರೆ, ಇಲ್ಲವೇ ಘಟಕದ ವಿನ್ಯಾಸವೇ ತಪ್ಪು ಎನ್ನುತ್ತಾರೆ. ಎರಡೂ ಕೆಲವೊಮ್ಮೆ ನಿಜವಿರಬಹುದು. ಬಹಳಷ್ಟು ಸಲ ನಿಜವಾದ ಕಾರಣ ಏರೇಷನ್ ಟ್ಯಾಂಕಿನಲ್ಲಿರುವ, ಅಂದರೆ ಕೊಳಚೆಗೆ ಗಾಳಿ ಊದುವ ತೊಟ್ಟಿಯಲ್ಲಿರುವ, ಕೆಸರಿನಲ್ಲಿರುತ್ತದೆ, ಮತ್ತು ಆ ಕೆಸರು ಇವತ್ತು ಹೀಗಿರುವುದಕ್ಕೆ ಒಂದೆರಡು ವಾರದ ಹಿಂದೆ ತೆಗೆದುಕೊಂಡ ಅಥವಾ ತೆಗೆದುಕೊಳ್ಳದೆ ಬಿಟ್ಟ ಒಂದು ತೀರ್ಮಾನ ಕಾರಣವಾಗಿರುತ್ತದೆ.

ಆ ತೀರ್ಮಾನ ಯಾವುದೆಂದರೆ, ದಿನಕ್ಕೆ ಎಷ್ಟು ಕೆಸರನ್ನು ಹೊರಗೆ ತೆಗೆಯಬೇಕು ಎನ್ನುವುದು. ಮೇಲ್ವಿಚಾರಕರು ದಿನವೂ ಮಾಡಬೇಕಾದ ನೂರು ಕೆಲಸಗಳ ನಡುವೆ, ಅವರು ಮಾತ್ರ ಮಾಡಬಹುದಾದ ಕೆಲಸ ಇದೊಂದೇ ಎಂಬುದು ನನ್ನ ನಂಬಿಕೆ. ಬೆಲ್ಟನ್ನು ಫಿಟ್ಟರ್ ಬಿಗಿ ಮಾಡುತ್ತಾರೆ, ಮೋಟಾರನ್ನು ಎಲೆಕ್ಟ್ರಿಷಿಯನ್ ನೋಡಿಕೊಳ್ಳುತ್ತಾರೆ. ಕೆಸರಿನ ಲೆಕ್ಕವನ್ನು ಇನ್ಯಾರೂ ಇಡುವುದಿಲ್ಲ.

ನೀರು ಸಾಗುವ ದಾರಿಯನ್ನು ಇಲ್ಲಿರುವ ಹೆಚ್ಚಿನವರು ಬಲ್ಲಿರಿ; ಆದ್ದರಿಂದ ಬೇಗ ಮುಗಿಸುತ್ತೇನೆ. ಯುಜಿಡಿ (ಒಳಚರಂಡಿ) ಕೊಳವೆಯಲ್ಲಿ ಬಂದ ನೀರು ಮೊದಲು ಸ್ಕ್ರೀನ್ ದಾಟಬೇಕು. ಕೂದಲು, ಬಟ್ಟೆ ಚೂರು, ಪ್ಯಾಡು, ಶಾಂಪೂ ಪೊಟ್ಟಣ, ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿ ಸಿಂಕಿಗೆ ಬಿದ್ದ ಮೂಲೆಗಳು ಇಲ್ಲಿ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಳ್ಳದೆ ಒಳಹೋದವು ಮುಂದೆ ಪಂಪಿನ ಇಂಪೆಲ್ಲರಿಗೆ ಸುತ್ತಿಕೊಳ್ಳುತ್ತವೆ. ಗ್ರಿಟ್ ಚೇಂಬರಿನಲ್ಲಿ ಮರಳು ಇಳಿಯುತ್ತದೆ. ದೊಡ್ಡ ಘಟಕವಾದರೆ ಪ್ರಾಥಮಿಕ ಕ್ಲಾರಿಫೈಯರ್ (ಕೆಸರನ್ನು ತಳಕ್ಕೆ ಇಳಿಯಬಿಟ್ಟು ತಿಳಿನೀರನ್ನು ಬೇರ್ಪಡಿಸುವ ತೊಟ್ಟಿ) ಇರುತ್ತದೆ, ಚಿಕ್ಕದರಲ್ಲಿ ಇರುವುದಿಲ್ಲ. ಅಲ್ಲಿಂದ ಏರೇಷನ್ ಟ್ಯಾಂಕು, ನಂತರ ಸೆಕೆಂಡರಿ ಕ್ಲಾರಿಫೈಯರ್, ಕೊನೆಗೆ ಫಿಲ್ಟರ್ ಮತ್ತು ಕ್ಲೋರಿನ್. ಈಚೆಗೆ ಕಟ್ಟುತ್ತಿರುವ ಎಸ್‌ಬಿಆರ್ ಘಟಕಗಳಲ್ಲಿ ಗಾಳಿ ಕೊಡುವುದೂ ಕೆಸರನ್ನು ಇಳಿಯಬಿಡುವುದೂ ಒಂದೇ ತೊಟ್ಟಿಯಲ್ಲಿ ಸರದಿಯ ಮೇಲೆ ನಡೆಯುತ್ತದೆ. ಹೆಸರು, ಆಕಾರ ಬೇರೆಯಾದರೂ ಕೆಸರಿನಲ್ಲಿದ್ದು ಕೆಲಸ ಮಾಡುವ ಸೂಕ್ಷ್ಮಜೀವಿಗಳು ಅವೇ.

ಈ ವಿಧಾನ ಹುಟ್ಟಿದ ಬಗೆಯನ್ನು ಒಂದು ಕ್ಷಣ ನೆನೆಯುವುದು ಒಳ್ಳೆಯದು, ಏಕೆಂದರೆ ನಾನು ಹೇಳಹೊರಟಿರುವ ಮಾತು ಅದರಲ್ಲೇ ಅಡಗಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಕೊಳಚೆ ನೀರನ್ನು ಬಾಟಲಿಯಲ್ಲಿ ತುಂಬಿ ಗಾಳಿ ಊದುತ್ತ ಹೋದರು. ನೀರು ಪೂರ್ತಿ ಶುದ್ಧವಾಗಲು ಮೊದಲ ಸಲ ಸುಮಾರು ಐದು ವಾರ ಹಿಡಿಯಿತು. ಅವರಿಗಿಂತ ಮುಂಚೆಯೂ ಗಾಳಿ ಊದಿ ನೋಡಿದವರಿದ್ದರು. ಇವರು ಮಾಡಿದ ಹೊಸ ಕೆಲಸವೆಂದರೆ ತಿಳಿನೀರನ್ನು ಬಸಿದು, ತಳದಲ್ಲಿ ಉಳಿದ ಕೆಸರನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಊದಿದ್ದು. ಪ್ರತಿ ಸುತ್ತಿಗೂ ಸಮಯ ಇಳಿಯುತ್ತ ಬಂದು, ಐದು ವಾರದ ಕೆಲಸ ಕೊನೆಗೆ ಕೆಲವೇ ಗಂಟೆಗಳಿಗೆ ಬಂದು ನಿಂತಿತು. 1914ರಲ್ಲಿ ಅವರು ಇದನ್ನು ಪ್ರಬಂಧವಾಗಿ ಮಂಡಿಸಿದರು. ಹಾಲಿಗೆ ಹೆಪ್ಪು ಉಳಿಸಿಕೊಳ್ಳುವುದನ್ನು ಬಲ್ಲ ನಮಗೆ ಇದರಲ್ಲಿ ಅಚ್ಚರಿಯೇನೂ ಕಾಣದಿರಬಹುದು. ಈ ಪ್ರಯೋಗದ ದಿಕ್ಕನ್ನು ಅವರಿಗೆ ಸೂಚಿಸಿದ್ದವರು ಗಿಲ್ಬರ್ಟ್ ಫೌಲರ್. ಅದೇ ಫೌಲರ್ ಅದಾದ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಜಗತ್ತಿನ ಬಹುಪಾಲು ನಗರಗಳು ಈ ವಿಧಾನದ ಹೆಸರು ಕೇಳುವ ಮೊದಲೇ ಅದರ ಮೂಲಪುರುಷರಲ್ಲೊಬ್ಬರು ನಮ್ಮ ಊರಿನಲ್ಲಿದ್ದರು ಎಂಬುದನ್ನು ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯಾರಾದರೂ ಹೇಳಿಕೊಟ್ಟದ್ದನ್ನು ನಾನು ಕೇಳಿಲ್ಲ.

ಕೆಸರನ್ನು ಉಳಿಸಿಕೊಳ್ಳಬೇಕು, ಸರಿ. ಎಷ್ಟು ದಿನ? ಉಸ್ತುವಾರಿ ಶುರುವಾಗುವುದು ಈ ಪ್ರಶ್ನೆಯಿಂದ. ಸೂಕ್ಷ್ಮಜೀವಿಗಳು ಕೊಳಚೆಯನ್ನು ತಿಂದು ಬೆಳೆಯುತ್ತವೆ, ಆದ್ದರಿಂದ ಟ್ಯಾಂಕಿನಲ್ಲಿ ಕೆಸರು ದಿನದಿನಕ್ಕೆ ಹೆಚ್ಚುತ್ತದೆ. ಹೆಚ್ಚಿದ್ದನ್ನು ತೆಗೆಯುತ್ತಿರಬೇಕು. ಟ್ಯಾಂಕಿನಲ್ಲಿರುವ ಒಟ್ಟು ಕೆಸರನ್ನು ದಿನಕ್ಕೆ ತೆಗೆಯುವ ಕೆಸರಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕೆಸರಿನ ವಯಸ್ಸು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಏರೇಷನ್ ಟ್ಯಾಂಕಿನ ಗಾತ್ರ 1,000 ಘನ ಮೀಟರ್, ಅದರಲ್ಲಿ ಎಂಎಲ್‌ಎಸ್‌ಎಸ್, ಅಂದರೆ ನೀರಿನಲ್ಲಿ ತೇಲಾಡುವ ಕೆಸರಿನ ಒಣ ತೂಕ, ಲೀಟರಿಗೆ 4,000 ಮಿಲಿಗ್ರಾಂ ಇದೆ ಎಂದರೆ ಒಳಗೆ 4,000 ಕಿಲೋ ಒಣ ಕೆಸರಿದೆ ಎಂದರ್ಥ. ಕ್ಲಾರಿಫೈಯರಿನ ತಳದಿಂದ ಏರೇಷನ್ ಟ್ಯಾಂಕಿಗೆ ಮರಳುವ ಕೆಸರು ಇದಕ್ಕಿಂತ ಗಟ್ಟಿಯಾಗಿರುತ್ತದೆ. ಅದು ಲೀಟರಿಗೆ 8,000 ಮಿಲಿಗ್ರಾಂ ಇದ್ದು, ಆ ಕೊಳವೆಯಿಂದ ದಿನಕ್ಕೆ 50 ಘನ ಮೀಟರ್ ಹೊರಗೆ ತೆಗೆದರೆ 400 ಕಿಲೋ ಹೋದಂತಾಯಿತು. 4,000ವನ್ನು 400ರಿಂದ ಭಾಗಿಸಿದರೆ ವಯಸ್ಸು ಹತ್ತು ದಿನ.

ಪ್ರಯೋಗಾಲಯವಿಲ್ಲದ ಚಿಕ್ಕ ಘಟಕದವರು ಇದನ್ನು ಕೇಳಿ ಕೈಚೆಲ್ಲಬೇಕಿಲ್ಲ. ಮರಳುವ ಕೊಳವೆಯ ಬದಲು ನೇರವಾಗಿ ಏರೇಷನ್ ಟ್ಯಾಂಕಿನಿಂದಲೇ ತೆಗೆಯುವ ವ್ಯವಸ್ಥೆ ಮಾಡಿಕೊಂಡರೆ, ಟ್ಯಾಂಕಿನ ಗಾತ್ರದ ಹತ್ತನೆಯ ಒಂದು ಪಾಲನ್ನು ದಿನವೂ ತೆಗೆದರಾಯಿತು. ಕೆಸರು ತೆಳ್ಳಗಿರಲಿ, ಗಟ್ಟಿಯಾಗಿರಲಿ, ವಯಸ್ಸು ಹೆಚ್ಚುಕಡಿಮೆ ಹತ್ತು ದಿನಕ್ಕೆ ನಿಲ್ಲುತ್ತದೆ. ತೆಗೆದ ನೀರಿನ ಪ್ರಮಾಣ ಹೆಚ್ಚಾಗುತ್ತದೆ, ಅದನ್ನು ಗಟ್ಟಿ ಮಾಡಲು ಜಾಗ ಬೇಕು ಎಂಬ ತೊಂದರೆ ಇದೆ. ಆದರೂ ಅಂದಾಜಿನ ಮೇಲೆ ವಾಲ್ವ್ ತಿರುಗಿಸುವುದಕ್ಕಿಂತ ಇದು ಎಷ್ಟೋ ಮೇಲು.

ಇಲ್ಲಿ ಹಲವರು ಎಡವುವುದು ಸಮಯದ ವಿಷಯದಲ್ಲಿ. ಇವತ್ತು ಹೆಚ್ಚು ಕೆಸರು ತೆಗೆದರೆ ನಾಳೆಯೇ ನೀರು ಬದಲಾಗುವುದಿಲ್ಲ. ವಯಸ್ಸು ಹತ್ತು ದಿನ ಇರುವ ಘಟಕದಲ್ಲಿ ಒಂದು ಬದಲಾವಣೆಯ ಪೂರ್ಣ ಪರಿಣಾಮ ಕಾಣಲು ಎರಡು ಮೂರು ವಾರವೇ ಬೇಕು. ಅದನ್ನು ಕಾಯದೆ ಸೋಮವಾರ ಹೆಚ್ಚು ತೆಗೆದು, ಬುಧವಾರ ಏನೂ ಆಗಲಿಲ್ಲವೆಂದು ನಿಲ್ಲಿಸಿ, ಶುಕ್ರವಾರ ಮೇಲಧಿಕಾರಿ ಬರುತ್ತಾರೆಂದು ಮತ್ತೆ ವಾಲ್ವ್ ತೆರೆದರೆ ಟ್ಯಾಂಕಿನಲ್ಲಿ ಏನು ನಡೆಯುತ್ತಿದೆ ಎಂದು ಯಾರಿಗೂ ತಿಳಿಯದ ಸ್ಥಿತಿ ಬರುತ್ತದೆ. ದಿನಕ್ಕೆ ತೆಗೆಯುವ ಪ್ರಮಾಣವನ್ನು ಒಂದು ಸಲಕ್ಕೆ ಹತ್ತು, ಹದಿನೈದು ಶೇಕಡಕ್ಕಿಂತ ಹೆಚ್ಚು ಬದಲಿಸಬಾರದು ಎಂಬ ನಿಯಮವನ್ನು ನಾನು ಪಾಲಿಸುತ್ತ ಬಂದಿದ್ದೇನೆ.

ಕಾಯುವಾಗ ಏನನ್ನು ನೋಡುತ್ತಿರಬೇಕು? ಬಿಒಡಿಯನ್ನು, ಅಂದರೆ ನೀರಿನ ಕೊಳೆಯನ್ನು ತಿನ್ನಲು ಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆಯನ್ನು, ನಂಬಿ ಕೂರುವಂತಿಲ್ಲ. ನಮ್ಮ ದೇಶದಲ್ಲಿ ಬಿಒಡಿ ಪರೀಕ್ಷೆಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಟ್ಟು ಮಾಡುತ್ತಾರೆ. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಆ ನೀರು ಎಲ್ಲೋ ಕೆರೆ ಸೇರಿರುತ್ತದೆ. ಅದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಪ್ಪಿಸಬೇಕಾದ ಲೆಕ್ಕ, ಘಟಕ ನಡೆಸುವ ಲೆಕ್ಕವಲ್ಲ. ಘಟಕ ನಡೆಸಲು ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾಗಿರುವುದು ಒಂದು ಲೀಟರಿನ ಅಳತೆ ಜಾಡಿ ಮತ್ತು ಗಡಿಯಾರ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಏರೇಷನ್ ಟ್ಯಾಂಕಿನ ಕೊನೆಯಲ್ಲಿ, ನೀರು ಕ್ಲಾರಿಫೈಯರಿಗೆ ಹೋಗುವ ಕಡೆ, ಒಂದು ಲೀಟರ್ ತೆಗೆದುಕೊಳ್ಳಿ. ತೀರ ಸಪೂರ ಜಾಡಿ ಬೇಡ. ಗಾಜಿನ ಗೋಡೆಗೆ ಕೆಸರು ಆತುಕೊಂಡು ನಿಂತು ಸುಳ್ಳು ಲೆಕ್ಕ ಕೊಡುತ್ತದೆ. ನಿಧಾನವಾಗಿ ಸುರಿದು, ನೆರಳಿನಲ್ಲಿ, ಅಲುಗದ ಮೇಜಿನ ಮೇಲೆ ಇಡಿ. ಹೆಚ್ಚಿನ ಆಪರೇಟರುಗಳು ಇಲ್ಲಿಂದ ಎದ್ದು ಹೋಗಿ ಅರ್ಧ ಗಂಟೆ ಬಿಟ್ಟು ಬಂದು ಅಂಕಿ ಬರೆಯುತ್ತಾರೆ. ಹಾಗೆ ಮಾಡದೆ ಮೊದಲ ಐದು ನಿಮಿಷ ಅಲ್ಲೇ ಕುಳಿತು ನೋಡಬೇಕು. ಆರೋಗ್ಯವಂತ ಕೆಸರಾದರೆ ಒಂದೆರಡು ನಿಮಿಷದಲ್ಲೇ ಕಣಗಳು ಒಂದನ್ನೊಂದು ಹಿಡಿದು ದಪ್ಪನಾಗುತ್ತವೆ, ಮೇಲೆ ಒಂದು ಗೆರೆ ಮೂಡುತ್ತದೆ, ಆ ಗೆರೆ ಒಟ್ಟಾಗಿ ಕೆಳಗಿಳಿಯುತ್ತ ಹೋಗುತ್ತದೆ. ಇಳಿಯುವಾಗ ಬಿಡಿ ಕಣಗಳನ್ನೂ ತನ್ನೊಂದಿಗೆ ಎಳೆದುಕೊಳ್ಳುವುದರಿಂದ ಮೇಲಿನ ನೀರು ತಿಳಿಯಾಗಿರುತ್ತದೆ. ಕೆಸರು ದಡಬಡನೆ ಇಳಿದು ಮೇಲಿನ ನೀರಿನಲ್ಲಿ ಪುಡಿ ಪುಡಿ ತೇಲುತ್ತಿದ್ದರೆ ಅದಕ್ಕೆ ವಯಸ್ಸು ಹೆಚ್ಚಾಗಿದೆ ಎಂದು ತಿಳಿಯಬಹುದು. ಗೆರೆಯೇ ಸರಿಯಾಗಿ ಮೂಡದೆ, ನೀರು ಬೂದುಬಣ್ಣದಲ್ಲಿ ಮಬ್ಬಾಗಿ ಉಳಿದರೆ ಕೆಸರು ಎಳೆಯದು. ಮೂವತ್ತು ನಿಮಿಷಕ್ಕೆ ಗೆರೆ ಎಲ್ಲಿದೆ ಎಂದು ಬರೆದುಕೊಳ್ಳಿ.

300 ಮಿಲಿಲೀಟರಿನಲ್ಲಿ ನಿಂತಿದೆ, ಎಂಎಲ್‌ಎಸ್‌ಎಸ್ ಲೀಟರಿಗೆ 3 ಗ್ರಾಂ ಇದೆ ಎಂದರೆ ಭಾಗಾಕಾರ 100 ಬರುತ್ತದೆ. ಒಂದು ಗ್ರಾಂ ಕೆಸರು ಇಳಿದು ಕೂತಾಗ ಎಷ್ಟು ಮಿಲಿಲೀಟರ್ ಜಾಗ ಹಿಡಿಯುತ್ತದೆ ಎಂಬ ಇದನ್ನೇ ಎಸ್‌ವಿಐ ಎನ್ನುತ್ತೇವೆ. ಸುಮಾರು 80ರಿಂದ 150ರವರೆಗೆ ನೆಮ್ಮದಿ. ಆದರೆ ಗೆರೆ 900ರಲ್ಲಿ ನಿಂತಿದೆ ಎಂದುಕೊಳ್ಳಿ. ಆಗ ಎರಡು ಸಾಧ್ಯತೆಗಳಿವೆ, ಮತ್ತು ಎರಡಕ್ಕೂ ಮದ್ದು ಬೇರೆ ಬೇರೆ. ಒಂದು, ಕೆಸರು ಒಳ್ಳೆಯದೇ ಇದ್ದು ಮಿತಿಮೀರಿ ತುಂಬಿಕೊಂಡಿರಬಹುದು. ಇನ್ನೊಂದು, ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು ಹೆಚ್ಚಿ ಕೆಸರು ಉಬ್ಬಿಕೊಂಡಿರಬಹುದು. ಬೇರ್ಪಡಿಸಿ ತಿಳಿಯಲು ಸೂಕ್ಷ್ಮದರ್ಶಕ ಬೇಕೇ ಬೇಕೆಂದಿಲ್ಲ. ಅರ್ಧ ಲೀಟರ್ ಕೆಸರು ನೀರಿಗೆ ಅರ್ಧ ಲೀಟರ್ ಔಟ್‌ಲೆಟ್ ನೀರು ಬೆರೆಸಿ ಮತ್ತೊಂದು ಜಾಡಿ ಇಡಿ. ಗೆರೆ ಸರಸರನೆ ಇಳಿದು ಇನ್ನೂರು, ಇನ್ನೂರೈವತ್ತಕ್ಕೆ ಬಂದರೆ ಕೆಸರು ಹೆಚ್ಚಾಗಿದೆಯಷ್ಟೇ, ತೆಗೆಯುತ್ತ ಹೋಗಿ. ಬೆರೆಸಿದರೂ ಅರ್ಧ ಜಾಡಿಯ ಆಸುಪಾಸಿನಲ್ಲೇ ನಿಂತರೆ ಉಬ್ಬುಕೆಸರು ಎಂದು ತಿಳಿದು ಕಾರಣ ಹುಡುಕಬೇಕು: ಗಾಳಿ ಕಡಿಮೆಯಾಯಿತೇ, ಬಂದ ನೀರು ಮೊದಲೇ ಹಳಸಿತ್ತೇ, ಯಾವುದೋ ಕಾರ್ಖಾನೆಯವರು ಕೊಳವೆಗೆ ಏನಾದರೂ ಬಿಟ್ಟರೇ ಎಂದು.

ಜಾಡಿಯನ್ನು ಅರ್ಧ ಗಂಟೆಗೆ ತೊಳೆದು ಬೋರಲು ಹಾಕಬೇಡಿ. ಇನ್ನೂ ಒಂದು ಗಂಟೆ ಹಾಗೇ ಬಿಡಿ. ತಳ ಸೇರಿದ್ದ ಕೆಸರು ಗುಳ್ಳೆಗಳನ್ನು ಕಟ್ಟಿಕೊಂಡು ಗಡ್ಡೆಯಾಗಿ ಮೇಲೆದ್ದು ಬಂದರೆ ಅದು ಬೇರೊಂದು ಸುದ್ದಿ ಹೇಳುತ್ತಿದೆ. ಅದನ್ನು ಅರಿಯಲು ಗಾಳಿಯ ವಿಷಯಕ್ಕೆ ಬರಬೇಕು.

ಘಟಕದ ವಿದ್ಯುತ್ ಬಿಲ್ಲಿನಲ್ಲಿ ಸಾಮಾನ್ಯವಾಗಿ ಅರ್ಧ ಅಥವಾ ಅದಕ್ಕೂ ಹೆಚ್ಚಿನ ಪಾಲು ಗಾಳಿ ಊದುವುದಕ್ಕೇ ಹೋಗುತ್ತದೆ. ಬೆಂಗಳೂರಿನಂತಹ ಎತ್ತರದ ಊರಿಗೆ ಇದರಲ್ಲಿ ಒಂದು ಹೆಚ್ಚಿನ ದಂಡವೂ ಇದೆ. 25 ಡಿಗ್ರಿಯ ಶುದ್ಧ ನೀರು ಮಂಗಳೂರಿನ ಕಡಲ ದಡದಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 7.4ರ ಆಸುಪಾಸು ಮಾತ್ರ ಹಿಡಿಯುತ್ತದೆ. ಕರಾವಳಿಯ ಲೆಕ್ಕದಲ್ಲಿ ಆರಿಸಿದ ಬ್ಲೋವರ್ ಇಲ್ಲಿ ಏದುಸಿರು ಬಿಡುತ್ತದೆ. ಟ್ಯಾಂಕಿನಲ್ಲಿ ಡಿಒ, ಅಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ, ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರಲಿ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಆ ಎರಡನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಅಳೆದಿರಿ ಎನ್ನುವುದು ಮುಖ್ಯ. ಬೆಳಿಗ್ಗೆ ಊರೆಲ್ಲ ಸ್ನಾನ, ಪಾತ್ರೆ, ಬಟ್ಟೆ ಮುಗಿಸಿದ ನೀರು ಘಟಕ ಮುಟ್ಟುವ ಹೊತ್ತಿನಲ್ಲಿ ಅಳೆದ ಎರಡು ಬೇರೆ, ನಸುಕಿನ ನಾಲ್ಕು ಗಂಟೆಯ ಎರಡು ಬೇರೆ.

ಆಮ್ಲಜನಕವನ್ನು ತಿನ್ನುವುದು ಬಿಒಡಿ ಮಾತ್ರವೂ ಅಲ್ಲ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ಸುಮಾರು 4.57 ಗ್ರಾಂ ಆಮ್ಲಜನಕ ಬೇಕು. ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕವಿರುವ ಕೊಳಚೆಗೆ ಅದೊಂದಕ್ಕೇ 180 ಮಿಲಿಗ್ರಾಂಗೂ ಹೆಚ್ಚು ಬೇಕಾಯಿತು. ಬಿಒಡಿಗೆ ಬೇಕಾಗುವುದಕ್ಕೆ ಇದೇನೂ ಕಡಿಮೆಯಲ್ಲ. ಚಳಿದೇಶಗಳಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳನ್ನು ಉಳಿಸಿಕೊಳ್ಳಲು ಕೆಸರಿನ ವಯಸ್ಸನ್ನು ಹಿಗ್ಗಿಸಿ ಹಿಗ್ಗಿಸಿ ಇಡಬೇಕಾಗುತ್ತದೆ. ನಮ್ಮ ಬೆಚ್ಚನೆಯ ನೀರಿನಲ್ಲಿ ಅವು ಕೆಲವೇ ದಿನಗಳ ವಯಸ್ಸಿಗೆ ಕರೆಯದೆಯೂ ಬಂದು ನೆಲೆಸುತ್ತವೆ. ಹಾಗೆ ಹುಟ್ಟಿದ ನೈಟ್ರೇಟ್ ಕ್ಲಾರಿಫೈಯರಿನ ತಳದಲ್ಲಿ ಗಾಳಿಯಿಲ್ಲದೆ ಕುಳಿತ ಕೆಸರಿಗೆ ಸಿಕ್ಕರೆ, ಅಲ್ಲಿನ ಜೀವಿಗಳು ಅದರ ಆಮ್ಲಜನಕವನ್ನು ಬಳಸಿಕೊಂಡು ಸಾರಜನಕ ಅನಿಲವನ್ನು ಬಿಡುತ್ತವೆ. ಬಿಸಿಲೇರಿದ ಮಧ್ಯಾಹ್ನ ಕ್ಲಾರಿಫೈಯರಿನಲ್ಲಿ ಕೆಸರಿನ ಗಡ್ಡೆಗಳು ಒಂದೊಂದಾಗಿ ಎದ್ದು ಬಂದು ಬಿಚ್ಚಿಕೊಳ್ಳುವುದನ್ನು ನೀವೆಲ್ಲ ಕಂಡಿರುತ್ತೀರಿ. ಜಾಡಿಯಲ್ಲಿ ಎದ್ದ ಗಡ್ಡೆಯೂ ಅದೇ. ಇದನ್ನು ಕಂಡು ಕೆಸರು ಸತ್ತುಹೋಯಿತು ಎಂದು ಗಾಬರಿಯಾಗಿ ಸಗಣಿಯನ್ನೋ ಅಂಗಡಿಯ ಬ್ಯಾಕ್ಟೀರಿಯಾ ಪುಡಿಯನ್ನೋ ತಂದು ಸುರಿಯುವವರಿದ್ದಾರೆ. ಕೆಸರು ಸತ್ತಿಲ್ಲ, ಚೆನ್ನಾಗಿ ಕೆಲಸ ಮಾಡುತ್ತಿದೆ, ತಪ್ಪಾದ ಜಾಗದಲ್ಲಿ. ಕ್ಲಾರಿಫೈಯರಿನ ತಳದಿಂದ ಅದನ್ನು ಬೇಗ ಬೇಗ ಹಿಂದಕ್ಕೆ ಎಳೆದುಕೊಂಡು, ವಯಸ್ಸು ಹೆಚ್ಚಾಗಿದ್ದರೆ ಸ್ವಲ್ಪ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಏರೇಷನ್ನಿಗೆ ಮುಂಚೆ ಗಾಳಿಯಿಲ್ಲದ ಅನಾಕ್ಸಿಕ್ ತೊಟ್ಟಿ ಇದ್ದರೆ ಆ ಕೆಲಸವನ್ನು ಅಲ್ಲೇ ಮಾಡಿಸಬಹುದು.

ಇದೇ ಕ್ರಿಯೆಯ ಇನ್ನೊಂದು ಮುಖ ಕ್ಷಾರತೆ, ಅಂದರೆ ಪಿಎಚ್ ಕುಸಿಯದಂತೆ ತಡೆಯುವ ನೀರಿನ ಗುಣ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ ಸುಮಾರು 7.1 ಗ್ರಾಂ ಕ್ಷಾರತೆ ಕರಗಿಹೋಗುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸುವ ಬಡಾವಣೆಗಳಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ನದಿಯ ಮೆದು ನೀರು ಕುಡಿಯುವ ಊರಿನ ಘಟಕದಲ್ಲಿ ಪಿಎಚ್ ಏಳಕ್ಕಿಂತ ಕೆಳಗೆ ಜಾರತೊಡಗಿದರೆ ಮೊದಲು ಇದನ್ನೇ ಅನುಮಾನಿಸಿ.

ಇಷ್ಟೆಲ್ಲ ತಿಳಿದೂ ಘಟಕಗಳು ಏಕೆ ಕೆಡುತ್ತವೆ? ನನ್ನ ಉತ್ತರ ಕೇಳಿದರೆ ಕೆಲವರಿಗೆ ತೀರ ಸಾಮಾನ್ಯ ಎನ್ನಿಸಬಹುದು: ತೆಗೆದ ಕೆಸರನ್ನು ಹಾಕಲು ಜಾಗವಿರುವುದಿಲ್ಲ. ಮಳೆಗಾಲದಲ್ಲಿ ಒಣಗಿಸುವ ಹಾಸುಗಳು ಒಣಗುವುದಿಲ್ಲ. ಕೆಸರಿನ ನೀರು ತೆಗೆಯುವ ಸೆಂಟ್ರಿಫ್ಯೂಜ್ ಕೆಟ್ಟು ಬಿಡಿಭಾಗಕ್ಕೆ ಕಾಯುತ್ತಿರುತ್ತದೆ. ಕೆಸರು ಗಟ್ಟಿಯಾಗಲು ಬೆರೆಸುವ ಪಾಲಿಎಲೆಕ್ಟ್ರೊಲೈಟ್ ಖರೀದಿಯ ಕಡತ ಎಲ್ಲೋ ಮೇಜಿನ ಮೇಲಿರುತ್ತದೆ. ಟ್ರ್ಯಾಕ್ಟರಿನವನಿಗೆ ಹಿಂದಿನ ಬಿಲ್ಲು ಬಂದಿಲ್ಲ, ಅವನು ಬರುವುದಿಲ್ಲ. ಆಗ ಆಪರೇಟರ್ ಮಾಡುವುದು ಒಂದೇ, ಕೆಸರು ತೆಗೆಯುವ ವಾಲ್ವನ್ನು ಮುಚ್ಚುವುದು. ಟ್ಯಾಂಕಿನಲ್ಲಿ ಎಂಎಲ್‌ಎಸ್‌ಎಸ್ 4,000 ಇದ್ದದ್ದು 6,000 ಆಗುತ್ತದೆ, 7,000 ಆಗುತ್ತದೆ. ಹೊರಗೆ ಬರುವ ನೀರು ಕೆಲವು ವಾರ ಇನ್ನೂ ತಿಳಿಯಾಗಿಯೇ ಇರುವುದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಂತರ ಒಂದು ಜೋರು ಮಳೆ ಬರುತ್ತದೆ. ಚರಂಡಿಗೆ ಜೋಡಿಸಿದ ಮಾಳಿಗೆಯ ಕೊಳವೆಗಳಿಂದ, ಒಡೆದ ಮ್ಯಾನ್‌ಹೋಲುಗಳಿಂದ ಮಳೆನೀರು ಯುಜಿಡಿಗೆ ನುಗ್ಗಿ, ಹರಿವು ಎರಡು ಪಟ್ಟಾಗಿ, ಕ್ಲಾರಿಫೈಯರಿನಲ್ಲಿ ಕುತ್ತಿಗೆವರೆಗೆ ತುಂಬಿದ್ದ ಕೆಸರೆಲ್ಲ ಒಂದೇ ರಾತ್ರಿಯಲ್ಲಿ ಅಂಚು ದಾಟಿ ಹೊರಗೆ ಹೋಗುತ್ತದೆ. ಮರುದಿನದ ವರದಿಯಲ್ಲಿ ಮಳೆಯ ಮೇಲೆ ತಪ್ಪು ಹೊರಿಸಲಾಗುತ್ತದೆ. ಆದುದರಿಂದ ಮೇ ತಿಂಗಳು ಮುಗಿಯುವುದರೊಳಗೆ ಹಾಸುಗಳನ್ನು ಖಾಲಿ ಮಾಡಿ, ಟ್ಯಾಂಕಿನ ಕೆಸರನ್ನು ಸಾಧ್ಯವಾದಷ್ಟು ಇಳಿಸಿಟ್ಟುಕೊಂಡು ಮುಂಗಾರಿಗೆ ಕಾಯಬೇಕು. ಮಳೆಯ ನಡುವೆ ಸಿಕ್ಕಿಬಿದ್ದರೆ ತಾತ್ಕಾಲಿಕವಾದ ಒಂದು ಉಪಾಯವಿದೆ: ಹರಿವು ಉಕ್ಕುವ ಹೊತ್ತಿನಲ್ಲಿ ಏರೇಷನ್ ಟ್ಯಾಂಕಿನ ಕೊನೆಯ ಭಾಗದ ಗಾಳಿಯನ್ನು ಒಂದೆರಡು ಗಂಟೆ ನಿಲ್ಲಿಸಿ, ಕೆಸರು ಅಲ್ಲಿಯೇ ಇಳಿದು ಕೂರುವಂತೆ ಮಾಡುವುದು. ಮರಳುವ ಕೆಸರಿನ ಪಂಪನ್ನು ಗಾಬರಿಯಿಂದ ಪೂರ್ತಿ ತೆರೆಯುವುದರಿಂದ ಕ್ಲಾರಿಫೈಯರಿನ ಮೇಲಿನ ಹೊರೆ ಇನ್ನೂ ಹೆಚ್ಚಬಹುದು.

ಲಾಗ್ ಬುಕ್ಕಿನ ವಿಷಯಕ್ಕೆ ಬರೋಣ. ಒಂದು ಘಟಕದ ಪುಸ್ತಕವನ್ನು ಒಮ್ಮೆ ತಿರುವಿ ಹಾಕುತ್ತಿದ್ದೆ. ಊರು, ಹೆಸರು ಬೇಡ. ಪಿಎಚ್ 7.2, ಡಿಒ 2.1, ಜಾಡಿಯ ಅಂಕಿ 350. ಮುಂದಿನ ಶಿಫ್ಟಿನಲ್ಲಿ ಅದೇ, ಮರುದಿನ ಅದೇ, ಪುಟದ ಕೊನೆಯವರೆಗೆ ಅದೇ. ಮೂರು ಶಿಫ್ಟಿನವರ ಸಹಿ ಬೇರೆ ಬೇರೆ, ಅಂಕಿಗಳ ಕೈಬರಹ ಒಂದೇ. ಡಿಒ ಮೀಟರ್ ಎಲ್ಲಿ ಎಂದು ಕೇಳಿದಾಗ ಬೀರುವಿನಿಂದ ತೆಗೆದು ತೋರಿಸಿದರು. ಅದರ ಬ್ಯಾಟರಿ ಸೋರಿ ಹಸಿರುಗಟ್ಟಿತ್ತು. ಆಪರೇಟರನ್ನು ಬೈಯುವುದು ಸುಲಭ. ಆದರೆ ಆ ಪುಸ್ತಕವನ್ನು ತಿಂಗಳಿಗೊಮ್ಮೆ ನೋಡಿ ಸಹಿ ಹಾಕಿದವರೂ ಇದ್ದರಲ್ಲ. ಅಂಕಿ ಕೆಟ್ಟಿದ್ದರೆ ವಿವರಣೆ ಕೇಳುವ, ಚೆನ್ನಾಗಿದ್ದರೆ ಏನೂ ಕೇಳದ ಮೇಲಧಿಕಾರಿಗೆ ಚೆಂದದ ಅಂಕಿಗಳೇ ಸಿಗುತ್ತವೆ. ಕೆಸರಿನ ವಯಸ್ಸನ್ನು ಆಧರಿಸಿ ಘಟಕ ನಡೆಸುವುದೆಂದರೆ ಹಿಂದಿನ ಹದಿನೈದು ಇಪ್ಪತ್ತು ದಿನಗಳ ಅಂಕಿಗಳನ್ನು ಒಟ್ಟಿಗೆ ನೋಡಿ ಅವು ಯಾವ ಕಡೆ ವಾಲುತ್ತಿವೆ ಎಂದು ತಿಳಿಯುವುದು; ಅಂಕಿಗಳೇ ಸುಳ್ಳಾದರೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ನನ್ನ ಕೈಕೆಳಗಿನವರಿಗೆ ನಾನು ಮಾಡಿದ ನಿಯಮ ಹೀಗಿತ್ತು: ಅಳೆಯದಿದ್ದರೆ ಅಲ್ಲಿ ಗೆರೆ ಎಳೆದು ಬಿಡಿ, ಗೆರೆಗೆ ಯಾರೂ ಕಾರಣ ಕೇಳುವುದಿಲ್ಲ. ಮೊದಮೊದಲು ಪುಟದ ತುಂಬ ಗೆರೆಗಳೇ ಇರುತ್ತವೆ. ಅದು ಮುಜುಗರವೇ, ಆದರೆ ಯಾವ ಉಪಕರಣ ಕೆಟ್ಟಿದೆ, ಯಾವ ಶಿಫ್ಟಿನಲ್ಲಿ ಜನ ಸಾಲದು ಎಂಬುದು ಆ ಗೆರೆಗಳಿಂದಲೇ ಗೊತ್ತಾಗುತ್ತದೆ.

ಅಂಕಿಗಳ ಜೊತೆ ಕಣ್ಣಿಗೆ ಕಂಡದ್ದನ್ನೂ ಒಂದು ಸಾಲು ಬರೆಸಬೇಕು. ನೊರೆ ಬಿಳಿಯೋ, ಕಂದೋ. ಗಾಳಿ ಬೀಸಿದರೆ ಹಾರುವಷ್ಟು ಹಗುರವೋ, ಕೋಲಿನಿಂದ ತಳ್ಳಿದರೂ ಕದಲದಷ್ಟು ಜಿಡ್ಡೋ. ಬಿಳಿ ಹಗುರ ನೊರೆ ಕೆಸರು ಎಳೆಯದೆಂದು ಅಥವಾ ಸಾಬೂನು ಪುಡಿಯ ಅಂಶ ಹೆಚ್ಚಾಗಿದೆಯೆಂದು ಸೂಚಿಸುತ್ತದೆ. ಕಂದು ಜಿಡ್ಡಿನ ನೊರೆ ಹೆಚ್ಚಾಗಿ ಹಳೆಯ ಕೆಸರಿನದು.

ಈಗ ಹೇಳುವುದು ಕೆಸರಿನ ಲೆಕ್ಕಕ್ಕೆ ಸೇರಿದ್ದಲ್ಲ, ಆದರೆ ಉಸ್ತುವಾರಿ ಎಂಬ ಮಾತಿಗೆ ಎಲ್ಲಕ್ಕಿಂತ ಮೊದಲು ಸೇರಬೇಕಾದದ್ದು. ವೆಟ್‌ವೆಲ್ (ಪಂಪು ಮಾಡುವ ಮೊದಲು ಕೊಳಚೆ ಸೇರುವ ಬಾವಿ), ಕೆಸರಿನ ಸಂಪು, ಮ್ಯಾನ್‌ಹೋಲುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ನಾತ ಬಂದರೆ ಅನಿಲ ಇದೆ, ಬಾರದಿದ್ದರೆ ಇಲ್ಲ ಎಂದುಕೊಂಡವರು ಜೀವ ಕಳೆದುಕೊಳ್ಳುತ್ತಾರೆ. ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದಾಗಲೇ ಮೂಗಿಗೆ ಬಡಿಯುವ ಈ ಅನಿಲ, ನೂರು ಭಾಗ ಮುಟ್ಟಿದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ನಾತ ಹೋಯಿತು ಎಂದು ಒಳಗಿಳಿದವನು ಅಲ್ಲೇ ಕುಸಿಯುತ್ತಾನೆ. ಕದಡದೆ ನಿಂತ ಕೆಸರಿನಲ್ಲಿ ಅಡಗಿದ್ದ ಅನಿಲ ಕಾಲಿಟ್ಟು ಕಲಕಿದೊಡನೆ ಹೊರಬರುವುದರಿಂದ, ಇಳಿಯುವ ಮೊದಲು ಮಾಡಿದ ಅಳತೆಯೂ ಸಾಲದು. ಮೊದಲನೆಯವನು ಬಿದ್ದಾಗ ಅವನನ್ನು ಎತ್ತಲು ಹಾಗೆಯೇ ಧುಮುಕಿದ ಎರಡನೆಯವನು, ಮೂರನೆಯವನು ಸತ್ತ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಮನುಷ್ಯರನ್ನು ಚರಂಡಿಗೆ, ಮಲಗುಂಡಿಗೆ ಅಪಾಯಕರವಾಗಿ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ತಿಳಿದಿರುವ ಅಧಿಕಾರಿಗಳು ಅನೇಕರಿದ್ದಾರೆ. ಅನಿಲ ಮಾಪಕವನ್ನು ಕೊನೆಯ ಸಲ ಯಾವಾಗ ಪರೀಕ್ಷೆಗೆ ಕಳಿಸಿದರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಮುಳುಗಿದ ಪಂಪು ಕೆಟ್ಟರೆ ಸರಪಳಿಯಿಂದ ಮೇಲೆತ್ತಿ ರಿಪೇರಿ ಮಾಡಿಸಿ. ಎತ್ತಲು ಸರಪಳಿಯೂ ಗೈಡ್ ರೈಲೂ ಇಲ್ಲದ ಘಟಕವನ್ನು ಗುತ್ತಿಗೆದಾರರಿಂದ ವಹಿಸಿಕೊಳ್ಳಲೇಬೇಡಿ.

ನಾವು ಬಿಡುವ ನೀರು ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಈಚಿನ ವರ್ಷಗಳಲ್ಲಿ ಉಸ್ತುವಾರಿಯ ಭಾರ ಹೆಚ್ಚಿದೆ. ಮೊದಲು ಅದು ರಾಜಕಾಲುವೆಗೆ ಬಿದ್ದು ಕಣ್ಮರೆಯಾಗುತ್ತಿತ್ತು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಆ ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯ ಬಳಿ ನೊರೆ ಕಾಣಿಸಿಕೊಂಡಾಗ ಎದ್ದ ಗದ್ದಲ ನಿಮಗೆ ನೆನಪಿರಬಹುದು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಮಹಾನಗರಗಳಿಗೆ ಬಿಒಡಿ ಲೀಟರಿಗೆ 20 ಮಿಲಿಗ್ರಾಂ, ಉಳಿದ ಕಡೆಗೆ 30 ಎಂದು ಮಿತಿ ಹಾಕಿದರೆ, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಹಾನಗರಗಳಿಗೆ 10 ಎಂದಿತು. ಇಪ್ಪತ್ತರಿಂದ ಹತ್ತಕ್ಕೆ ಇಳಿಸುವುದು ಹೊಸ ಯಂತ್ರದ ಮಾತೆಂದು ಟೆಂಡರ್ ಬರೆಯುವವರು ಹೇಳುತ್ತಾರೆ. ಔಟ್‌ಲೆಟ್‌ನಲ್ಲಿ ಉಳಿಯುವ ಬಿಒಡಿಯ ಬಹುಪಾಲು ಕ್ಲಾರಿಫೈಯರಿನಲ್ಲಿ ಇಳಿಯದೆ ತಪ್ಪಿಸಿಕೊಂಡ ಕೆಸರಿನ ಕಣಗಳದ್ದೇ ಆಗಿರುತ್ತದೆ. ಚೆನ್ನಾಗಿ ಇಳಿಯುವ ಕೆಸರು ಇದ್ದರೆ ಅರ್ಧ ದಾರಿ ಖರ್ಚಿಲ್ಲದೆ ಮುಗಿಯುತ್ತದೆ. ಫಿಲ್ಟರ್ ಆಮೇಲಿನ ಮಾತು.

ಸಭೆಯಲ್ಲಿ ಕೇಳಿದ ಮೊದಲ ಪ್ರಶ್ನೆ: ಆನ್‌ಲೈನ್ ಸೆನ್ಸರುಗಳು ಬಂದಿವೆ, ಅಂಕಿಗಳು ನೇರ ಮಂಡಳಿಯ ಸರ್ವರಿಗೆ ಹೋಗುತ್ತವೆ, ಇನ್ನು ಜಾಡಿ ಇಟ್ಟುಕೊಂಡು ಕೂರಬೇಕೇ? ಸೆನ್ಸರು ಬೇಡವೆನ್ನುವವನು ನಾನಲ್ಲ. ಡಿಒ ಸೆನ್ಸರಿಗೆ ಬ್ಲೋವರಿನ ವೇಗವನ್ನು ಜೋಡಿಸಿದರೆ ವಿದ್ಯುತ್ ಖಂಡಿತ ಉಳಿಯುತ್ತದೆ. ಆದರೆ ಕೊಳಚೆಯಲ್ಲಿ ಮುಳುಗಿದ ಸೆನ್ಸರಿನ ತುದಿಗೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ; ಲೋಳೆಯೊಳಗಿನ ಜೀವಿಗಳೇ ಆಮ್ಲಜನಕ ತಿಂದು ಡಿಒ ಕಡಿಮೆ ಎಂದು ತೋರಿಸುತ್ತವೆ, ಅದನ್ನು ನಂಬಿ ಬ್ಲೋವರ್ ಇನ್ನಷ್ಟು ಜೋರಾಗಿ ಓಡುತ್ತದೆ. ಸೆನ್ಸರ್ ತೊಳೆಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕದ ಘಟಕಕ್ಕೆ ಸೆನ್ಸರ್ ಕೊಡುವುದು ದಂಡ.

ಎರಡನೆಯದು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರೊಬ್ಬರದು. ಬ್ಲೋವರಿನ ಸದ್ದಿಗೆ ಕೆಳಮಹಡಿಯವರು ನಿದ್ದೆಗೆಟ್ಟು ದೂರುತ್ತಾರೆ, ಬಿಲ್ಲೂ ಹೆಚ್ಚು, ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ನಿಲ್ಲಿಸಬಹುದೇ ಎಂದು ಕೇಳಿದರು. ಆರು ಗಂಟೆ ಸತತವಾಗಿ ನಿಲ್ಲಿಸಿದರೆ ಕೆಸರು ತಳದಲ್ಲಿ ಕೂತು ಕಪ್ಪಾಗುತ್ತದೆ, ಬೆಳಿಗ್ಗೆ ಗಾಳಿ ಬಿಟ್ಟಾಗ ಸದ್ದಿನ ಜೊತೆ ನಾತವೂ ಕೆಳಮಹಡಿಗೆ ಏರುತ್ತದೆ, ಕೆಲವು ವಾರಗಳಲ್ಲಿ ಕೆಸರು ಉಬ್ಬತೊಡಗುತ್ತದೆ. ಆದರೆ ರಾತ್ರಿ ಒಳಬರುವ ನೀರು ಕಡಿಮೆಯಿರುವುದರಿಂದ ಬಿಟ್ಟು ಬಿಟ್ಟು ಓಡಿಸಲು ಅಡ್ಡಿಯಿಲ್ಲ, ಟ್ಯಾಂಕಿನ ತಳದಲ್ಲಿ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಡಿಫ್ಯೂಸರುಗಳು ರಬ್ಬರ್ ಪೊರೆಯವಾದರೆ. ಟೈಮರ್ ಕೊಳ್ಳುವ ಮೊದಲು ಒಂದು ರಾತ್ರಿ ಬ್ಲೋವರ್ ನಿಲ್ಲಿಸಿ, ಹತ್ತು ನಿಮಿಷಕ್ಕೊಮ್ಮೆ ಟ್ಯಾಂಕಿನ ಡಿಒ ಬರೆದುಕೊಳ್ಳಿ. ಅದು ಸೊನ್ನೆ ಮುಟ್ಟಲು ಹಿಡಿದ ಹೊತ್ತಿನ ಮೇಲೆ ಇಪ್ಪತ್ತು, ಮೂವತ್ತು ನಿಮಿಷ ಸೇರಿಸಿ ನಿಲುಗಡೆಯ ಅವಧಿ ಇಟ್ಟುಕೊಳ್ಳಬಹುದು. ಅಷ್ಟರಲ್ಲಿ ನೈಟ್ರೇಟ್ ಕೂಡ ಒಂದಿಷ್ಟು ಕರಗುತ್ತದೆ. ಸದ್ದಿಗೆ ಬ್ಲೋವರ್ ಕೋಣೆಯ ಬಾಗಿಲಿನ ಸಂದುಗಳನ್ನು ಮುಚ್ಚಿಸಿ, ಸೈಲೆನ್ಸರ್ ನೋಡಿಸಿ. ಗಾಳಿ ಒಳಬರುವ ಕಿಂಡಿಯನ್ನು ಮಾತ್ರ ಮುಚ್ಚಬೇಡಿ ಎಂದು ಅವರಿಗೆ ಹೇಳಿದೆ.